ಕಿವಿಯ ಗುಗ್ಗೆ ತೆಗೆಯುವ ತರಬೇತಿಗೆ ರೋಗಿಯಾಗಿ ಹೋಗಬಹುದೇ? ತಂದೆಯವರನ್ನೂ ಕರೆದೊಯ್ಯಬಹುದೇ?

ಹೇಮಾವತಿತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಿವಿಯ ಚಿಕಿತ್ಸೆಗೆ ಸಂಬಂಧಿಸಿದ ಕೆಲಸದಲ್ಲಿರುವ ಕನ್ನಡಿಗರಿಂದಲೂ, ಇಂತಹ ತರಬೇತಿಗೆ ಸ್ವತಃ ಹೋಗಿ ಬಂದವರಿಂದಲೂ ಸಲಹೆ ಕೇಳಲು ಇದನ್ನು ಬರೆಯುತ್ತಿದ್ದೇನೆ.

ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ 11 ವರ್ಷಗಳಿಂದ ನೆಲೆಸಿದ್ದೇನೆ. ಮೂರು ವಾರಗಳಿಂದ ನನ್ನ ಬಲಗಿವಿ ಕಟ್ಟಿಕೊಂಡಿದೆ. ಸ್ನಾನ ಮಾಡಿ ಬಂದ ಮೇಲಂತೂ ಹತ್ತಿ ತುರುಕಿದಂತಾಗಿ, ನನ್ನ ಮಾತು ನನಗೇ ತಲೆಯೊಳಗಿನಿಂದ ಕೇಳಿಸುತ್ತದೆ. ನಮ್ಮ ಜಿಪಿ, ಅಂದರೆ ಕುಟುಂಬ ವೈದ್ಯರ ಚಿಕಿತ್ಸಾಲಯಕ್ಕೆ ಫೋನ್ ಮಾಡಿದಾಗ, ಗುಗ್ಗೆ ತೆಗೆಯುವ ಸೇವೆಯನ್ನು ನಿಲ್ಲಿಸಿ ಬಹಳ ಕಾಲವಾಯಿತೆಂದೂ, ಆಲಿವ್ ಎಣ್ಣೆ ಹಾಕಿ ನೋಡಬೇಕೆಂದೂ, ಅದರಿಂದ ಹೋಗದಿದ್ದರೆ ಖಾಸಗಿಯಾಗಿ ತೆಗೆಸಿಕೊಳ್ಳಬೇಕೆಂದೂ ಹೇಳಿದರು. ಹತ್ತಿರದ ಖಾಸಗಿ ಕೇಂದ್ರದಲ್ಲಿ ಎರಡೂ ಕಿವಿಗೆ ಸೇರಿ 70 ಪೌಂಡ್ ಕೇಳುತ್ತಾರೆ.

ಹೀಗಿರುವಾಗ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು. ನರ್ಸ್‌ಗಳು, ಫಾರ್ಮಸಿಸ್ಟ್‌ಗಳು ಮತ್ತು ಶ್ರವಣತಜ್ಞರಿಗಾಗಿ ಮೈಕ್ರೊಸಕ್ಷನ್ ವಿಧಾನದ, ಅಂದರೆ ಸಣ್ಣ ಕೊಳವೆಯಿಂದ ಗುಗ್ಗೆಯನ್ನು ಹೀರಿ ತೆಗೆಯುವ ವಿಧಾನದ ತರಬೇತಿ ನಡೆಯಲಿದೆಯಂತೆ. ಎರಡನೆಯ ದಿನ ಕಲಿಯುವವರು ಅನುಭವಿ ಬೋಧಕರ ಕಣ್ಣೆದುರಿನಲ್ಲೇ ಚಿಕಿತ್ಸೆ ಮಾಡುವುದರಿಂದ, ಕಿವಿಯಲ್ಲಿ ಗುಗ್ಗೆ ಇರುವ 18 ವರ್ಷ ಮೀರಿದ ಸ್ವಯಂಸೇವಕರು ಬೇಕಾಗಿದ್ದಾರೆ, ಶುಲ್ಕವಿಲ್ಲ ಎಂದು ಬರೆದಿದ್ದರು.

ನನ್ನ ವಿಷಯದಲ್ಲಿ ಅಷ್ಟಾಗಿ ಹಿಂಜರಿಕೆಯಿಲ್ಲ. ಚಿಂತೆಯಾಗಿರುವುದು ತಂದೆಯವರ ಬಗ್ಗೆ. ಅವರಿಗೆ 74 ವರ್ಷ. ಹಾಸನದಿಂದ ನಾಲ್ಕು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದಾರೆ. ಎರಡೂ ಕಿವಿಗೆ ಶ್ರವಣಯಂತ್ರ ಹಾಕುತ್ತಾರೆ, ಅದು ಈಚೆಗೆ ಪದೇಪದೇ ಶಿಳ್ಳೆ ಹೊಡೆಯುತ್ತಿದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆ. ಚಿಕ್ಕವರಿದ್ದಾಗ ಎಡಗಿವಿ ಸೋರುತ್ತಿತ್ತಂತೆ. 35 ವರ್ಷ ಶಾಲೆಯಲ್ಲಿ ಪಾಠ ಹೇಳಿದವರು ಅವರು. ಪ್ರಕಟಣೆಯನ್ನು ಓದಿ ಹೇಳಿದ ಕೂಡಲೇ, “ಕಲಿಯುವವರಿಗೆ ಉಪಯೋಗವಾಗುವುದಾದರೆ ನನ್ನ ಕಿವಿಯನ್ನೂ ನೋಡಲಿ, ಅದರಲ್ಲೇನು” ಎಂದುಬಿಟ್ಟರು. ಅವರ ಉತ್ಸಾಹಕ್ಕೆ ತಣ್ಣೀರೆರಚಲು ಮನಸ್ಸಿಲ್ಲ. ಹಾಗೆಂದು ಕಣ್ಣುಮುಚ್ಚಿ ಕರೆದೊಯ್ಯಲೂ ಧೈರ್ಯವಿಲ್ಲ.

ಕಲಿಯುವವರ ಕೈಗೆ ಕಿವಿ ಕೊಡುವುದು ಎಷ್ಟರಮಟ್ಟಿಗೆ ಸುರಕ್ಷಿತ? ಹೋಗುವ ಮುನ್ನ ಏನೇನು ಕೇಳಿ ತಿಳಿಯಬೇಕು? ತಂದೆಯವರು ಹೋಗಬಹುದೇ? ದಯವಿಟ್ಟು ತಿಳಿಸಿ.

ಶ್ರವಣಸೇವೆ

ನಮಸ್ಕಾರ ಮೇಡಂ. ನಾನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಈಗ ಉತ್ತರ ಇಂಗ್ಲೆಂಡಿನಲ್ಲಿ ಶ್ರವಣತಜ್ಞನಾಗಿ ಕೆಲಸ ಮಾಡುತ್ತಿದ್ದೇನೆ. ಇಂತಹ ತರಬೇತಿಗಳಲ್ಲಿ ಬೋಧಕನಾಗಿಯೂ ನಿಂತಿದ್ದೇನೆ. ಮೊದಲು ಉತ್ತರ ಹೇಳಿ ಆಮೇಲೆ ಕಾರಣ ಹೇಳುತ್ತೇನೆ: ನೀವು ಹೋಗಬಹುದು, ತಂದೆಯವರನ್ನು ಕರೆದೊಯ್ಯಬೇಡಿ. ನೀವು ಬರೆದಿರುವ ಒಂದೇ ಪ್ಯಾರಾದಲ್ಲಿ ಅವರು ತರಬೇತಿಗೆ ಸಲ್ಲದ ರೋಗಿ ಎನ್ನುವುದಕ್ಕೆ ಕನಿಷ್ಠ ಎರಡು ಕಾರಣಗಳಿವೆ: ಹಿಂದೆ ಕಿವಿ ಸೋರಿದ್ದು ಮತ್ತು ಈಗ ನುಂಗುತ್ತಿರುವ ಮಾತ್ರೆ. ಒಳ್ಳೆಯ ತರಬೇತುದಾರರಾದರೆ ಫೋನಿನಲ್ಲಿಯೇ ಅವರನ್ನು ಬೇಡವೆನ್ನಬೇಕು. ಹಾಗೆನ್ನದೆ “ಬನ್ನಿ, ನೋಡೋಣ” ಎಂದರೆ ನೀವೂ ಅಲ್ಲಿಗೆ ಹೋಗದಿರುವುದೇ ಲೇಸು.

ಕಲಿಯುವವರಿಗೆ ಕಷ್ಟವಾಗುವುದು ಎಲ್ಲಿ ಎಂಬುದನ್ನು ತಿಳಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ವಯಸ್ಕರ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಿರುತ್ತದೆ. ಅದರ ಹೊರಗಿನ ಮೂರನೆಯ ಒಂದು ಭಾಗ ಮೃದ್ವಸ್ಥಿಯದು. ಅಲ್ಲಿ ಕೂದಲೂ ಗ್ರಂಥಿಗಳೂ ಇದ್ದು, ಗುಗ್ಗೆ ಹುಟ್ಟುವುದು ಅಲ್ಲೇ. ಒಳಗಿನ ಎರಡು ಭಾಗಕ್ಕೆ ಎಲುಬಿನ ಗೋಡೆ. ಅದರ ಮೇಲಿನ ಚರ್ಮ ಬಹಳ ತೆಳು, ಸ್ವಲ್ಪ ತಾಗಿದರೂ ನೋಯುತ್ತದೆ, ಬೇಗ ರಕ್ತ ಬರುತ್ತದೆ. ನಾಳದ ಚರ್ಮ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸರಿಯುತ್ತಿರುತ್ತದೆ, ನಾವು ಅಗಿಯುವಾಗ ದವಡೆಯ ಚಲನೆಯೂ ಅದಕ್ಕೆ ನೆರವಾಗುತ್ತದೆ. ಹಾಗಾಗಿ ಹೆಚ್ಚಿನವರ ಕಿವಿ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಬಡ್ಸ್, ಪಿನ್ನು, ಬೆಂಕಿಕಡ್ಡಿ ಹಾಕಿದವರ ಕಿವಿಯಲ್ಲಿ ಗುಗ್ಗೆ ಎಲುಬಿನ ಭಾಗಕ್ಕೆ ತಳ್ಳಲ್ಪಟ್ಟು, ನಾಳದ ಕೊನೆಯಲ್ಲಿರುವ ತೆಳು ಪೊರೆಯಾದ ಕಿವಿತಮಟೆಯ ಎದುರಿಗೆ ಕೂತುಬಿಡುತ್ತದೆ. ಶ್ರವಣಯಂತ್ರ ಹಾಕುವವರಲ್ಲೂ ಗುಗ್ಗೆ ಹೊರಬರುವ ದಾರಿಗೆ ಅಡ್ಡಿಯಾಗುತ್ತದೆ. ತಂದೆಯವರ ಯಂತ್ರ ಶಿಳ್ಳೆ ಹೊಡೆಯುವುದಕ್ಕೂ ಅದೇ ಕಾರಣವಿರಬಹುದು, ಏಕೆಂದರೆ ಯಂತ್ರದಿಂದ ಹೊರಟ ಶಬ್ದ ಗುಗ್ಗೆಗೆ ಬಡಿದು ಮರಳಿ ಮೈಕಿಗೆ ಸೇರುತ್ತದೆ.

ತರಬೇತಿಯಲ್ಲಿ ಸಿಲಿಕೋನ್ ಕಿವಿಯ ಮಾದರಿಯ ಮೇಲೆ ಮೊದಲು ಕೈ ಪಳಗಿಸುತ್ತಾರೆ. ಆದರೆ ಆ ಮಾದರಿ ಕೆಮ್ಮುವುದಿಲ್ಲ, ಬೆಚ್ಚುವುದಿಲ್ಲ, ನೋವೆಂದು ಕೈಯೆತ್ತುವುದಿಲ್ಲ. ನಾಳದ ತಿರುವು ಒಬ್ಬೊಬ್ಬರದು ಒಂದೊಂದು ರೀತಿ. ಗುಗ್ಗೆಯೂ ಒಂದೇ ತೆರನಲ್ಲ: ಕೆಲವರದು ಅಂಟಂಟಾಗಿ ಜೇನಿನ ಬಣ್ಣದ್ದು, ಕೆಲವರದು ಒಣಗಿದ ಹೊಟ್ಟಿನಂಥದ್ದು. ಈ ವ್ಯತ್ಯಾಸಕ್ಕೆ ಎಬಿಸಿಸಿ11 ಎಂಬ ಒಂದೇ ವಂಶವಾಹಿ ಕಾರಣವೆಂದು ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿಕೊಟ್ಟರು. ಪೂರ್ವ ಏಷ್ಯಾದವರಲ್ಲಿ ಒಣ ಗುಗ್ಗೆಯೂ ಯುರೋಪ್ ಮತ್ತು ಆಫ್ರಿಕಾ ಮೂಲದವರಲ್ಲಿ ಹಸಿ ಗುಗ್ಗೆಯೂ ಹೆಚ್ಚು. ನಮ್ಮಲ್ಲಿ ಎರಡೂ ಉಂಟು. ಆದ್ದರಿಂದ ಕಲಿಯುವವರು ಬಗೆಬಗೆಯ ಜನರ ಕಿವಿಯನ್ನು ನೋಡಲೇಬೇಕು. ಸ್ವಯಂಸೇವಕರಿಲ್ಲದೆ ಈ ವಿದ್ಯೆ ಕೈಗೆ ಹತ್ತುವುದಿಲ್ಲ ಎಂಬ ಮಾತನ್ನು ನಾನು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ.

ಇನ್ನು ನೀವು ಕೇಳಬೇಕಾದ ಪ್ರಶ್ನೆಗಳು. ಅವುಗಳಲ್ಲಿ ಹೆಚ್ಚಿನವರು ಕೇಳದೆ ಬಿಡುವ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಕಲಿಯುವವರಿಗೆ ಕಾಣುವುದು ಬೋಧಕರಿಗೂ ಕಾಣುತ್ತದೆಯೇ? ಹಣೆಗೆ ದೀಪ, ಕಣ್ಣಿಗೆ ದೊಡ್ಡದಾಗಿ ತೋರಿಸುವ ಲೂಪ್ ಕನ್ನಡಕ ಹಾಕಿಕೊಂಡು ಕೆಲಸ ಮಾಡುವಾಗ ನಾಳದ ಒಳಭಾಗ ಹಾಕಿಕೊಂಡವರಿಗೆ ಮಾತ್ರ ಕಾಣುತ್ತದೆ. ಪಕ್ಕದಲ್ಲಿ ನಿಂತ ಬೋಧಕರು ನೋಡುತ್ತಿರುವುದು ಅವರ ಕೈಯನ್ನಷ್ಟೆ. ಕ್ಯಾಮೆರಾ ಇರುವ ಎಂಡೊಸ್ಕೋಪ್ ಅಥವಾ ಪರದೆಗೆ ಜೋಡಿಸಿದ ಸೂಕ್ಷ್ಮದರ್ಶಕವಿದ್ದರೆ ಇಬ್ಬರೂ ಒಂದೇ ಚಿತ್ರವನ್ನು ನೋಡುತ್ತಾರೆ, ಕೊಳವೆಯ ತುದಿ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಕಂಡು ಬೋಧಕರು ಆ ಕ್ಷಣದಲ್ಲೇ ತಡೆಯಬಲ್ಲರು. ಲೂಪ್‌ನಲ್ಲಿ ಕಲಿಸುವುದು ತಪ್ಪೆಂದಲ್ಲ, ನಾನೂ ಹಾಗೆ ಕಲಿಸಿದ್ದೇನೆ. ಆದರೆ ಆಗ ಬೋಧಕರು ನಡುನಡುವೆ ಕೆಲಸ ನಿಲ್ಲಿಸಿ ತಾವೇ ಇಣುಕಿ ನೋಡಬೇಕು. ಹಾಗೆ ನೋಡುತ್ತಾರೆಯೇ ಎಂದು ಕೇಳಿ. ಒಬ್ಬ ಬೋಧಕರಿಗೆ ಒಂದೇ ಹೊತ್ತಿನಲ್ಲಿ ಎಷ್ಟು ಕುರ್ಚಿಗಳು ಎಂಬುದನ್ನೂ ಕೇಳಿ. ಕಲಿಯುವವರಿಂದ ಆಗದಿದ್ದರೆ ಯಾರು ಪೂರ್ಣಗೊಳಿಸುತ್ತಾರೆ, ವಿಮೆ ಯಾರದು, ಮನೆಗೆ ಹೋದ ಮೇಲೆ ನೋವು ಬಂದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು, ಏನು ಮಾಡಿದರೆಂಬ ಲಿಖಿತ ದಾಖಲೆ ಕೊಡುತ್ತಾರೆಯೇ ಎಂಬುದೂ ತಿಳಿದಿರಲಿ. ಈ ದೇಶದಲ್ಲಿ ನರ್ಸ್, ಫಾರ್ಮಸಿಸ್ಟ್, ಶ್ರವಣಯಂತ್ರ ಕೊಡುವವರು ತಂತಮ್ಮ ವೃತ್ತಿಯ ನಿಯಂತ್ರಣ ಸಂಸ್ಥೆಯ ಪಟ್ಟಿಯಲ್ಲಿರುತ್ತಾರೆ. ಆದರೆ ಗುಗ್ಗೆ ತೆಗೆಯುವವರು ಎಂಬ ಹೆಸರಿಗೆ ಮಾತ್ರ ಕಾನೂನಿನ ರಕ್ಷಣೆಯಿಲ್ಲ. ಬೋಧಕರ ಮೂಲ ವೃತ್ತಿ ಯಾವುದೆಂದು ಕೇಳಲು ಸಂಕೋಚ ಬೇಡ.

ಅಪಾಯಗಳನ್ನೂ ಮುಚ್ಚಿಡುವುದಿಲ್ಲ. ಹೀರುವ ಶಬ್ದ ಜೋರಾಗಿರುತ್ತದೆ. ಕೆಲವರಿಗೆ ಸ್ವಲ್ಪ ಹೊತ್ತು ಕಿವಿಯಲ್ಲಿ ಗುಂಯ್‌ಗುಡುತ್ತದೆ. ಒಳಗೆ ಹರಿಯುವ ಗಾಳಿಯ ತಂಪಿಗೆ ತಲೆಸುತ್ತು ಬರಬಹುದು. ನಾಳದ ಗೋಡೆ ಗೀರಿ ಒಂದೆರಡು ಹನಿ ರಕ್ತ ಬರಬಹುದು, ಮುಂದೆ ಸೋಂಕಾಗಬಹುದು. ಬಹಳ ಅಪರೂಪಕ್ಕೆ ತಮಟೆಗೆ ಪೆಟ್ಟಾಗಬಹುದು. ಇದನ್ನೆಲ್ಲ ಅವರೂ ನಿಮಗೆ ಹೇಳಿ, ಅರ್ಥವಾಯಿತೇ ಎಂದು ಕೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು.

ಕಾವೇರಿಕಣಿವೆ

ನನ್ನ ಅಭಿಪ್ರಾಯ ಬೇರೆ. ಶುಲ್ಕವಿಲ್ಲವೆಂದು ಯಾರದೋ ಅಭ್ಯಾಸಕ್ಕೆ ನಮ್ಮ ಇಂದ್ರಿಯವನ್ನು ಒಡ್ಡಬೇಕೇ? ಕಿವಿ ಕೆಟ್ಟರೆ ಮತ್ತೆ ತರಲಾಗುವುದಿಲ್ಲ. ದುಡಿಯುವವರಿಗೆ 70 ಪೌಂಡ್ ದೊಡ್ಡ ಮೊತ್ತವೇನಲ್ಲ. ಅದನ್ನು ಕೊಟ್ಟು ಅನುಭವವಿರುವವರ ಬಳಿ ತೆಗೆಸಿಕೊಳ್ಳಿ ಎಂಬುದೇ ನನ್ನ ಸಲಹೆ. ನನಗೆ ಬಾಲ್ಯದಿಂದಲೂ ಒಂದೇ ಕಿವಿ ಕೇಳಿಸುವುದು. ಹಾಗಾಗಿ ಈ ವಿಷಯದಲ್ಲಿ ನನಗೆ ಭಯ ಹೆಚ್ಚು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಶ್ರವಣಸೇವೆ

ಸರ್, ನಿಮ್ಮ ಭಯ ಸಂಪೂರ್ಣವಾಗಿ ನ್ಯಾಯವಾದದ್ದು. ಒಂದೇ ಕಿವಿ ಕೇಳಿಸುವವರ ಆ ಕಿವಿಯನ್ನು ಕಲಿಯುವವರು ಮುಟ್ಟಲೇಬಾರದು. ಅದು ಅನುಭವಿಗಳ ಕೆಲಸ. ಆದರೆ ಅನುಭವವಿರುವವರೂ ಒಂದು ದಿನ ಯಾರದೋ ಕಿವಿಯಲ್ಲಿ ಮೊದಲ ಬಾರಿಗೆ ಕೊಳವೆ ಹಿಡಿದಿದ್ದರು. ಆ ಮೊದಲ ಸಲ ಬೋಧಕರ ಎದುರಿಗೆ, ತಿಳಿದು ಒಪ್ಪಿದ ಆರೋಗ್ಯವಂತರ ಕಿವಿಯಲ್ಲಿ ಆಗಬೇಕೋ, ಇಲ್ಲವೇ ಆರು ತಿಂಗಳ ನಂತರ ಒಂಟಿ ಕೋಣೆಯಲ್ಲಿ, ಹಣ ಕೊಟ್ಟು ಬಂದ ರೋಗಿಯ ಕಿವಿಯಲ್ಲಿ ಆಗಬೇಕೋ ಎಂಬುದಷ್ಟೇ ನಮ್ಮ ಮುಂದಿರುವ ಆಯ್ಕೆ.

ಮಲ್ಲಿಗೆಮನೆ

ನಾನು ಕಳೆದ ವರ್ಷ ಕವೆಂಟ್ರಿಯಲ್ಲಿ ಇಂತಹ ತರಬೇತಿಗೆ ಸ್ವಯಂಸೇವಕಿಯಾಗಿ ಹೋಗಿದ್ದೆ. ಅದಕ್ಕೂ ಮೊದಲು ಇನ್ನೊಂದು ಕಡೆಗೆ ಹೋಗಿ ಚಿಕಿತ್ಸೆಯಿಲ್ಲದೆ ಮರಳಿದ್ದೆ. ಎರಡನ್ನೂ ಹೇಳುವುದು ಒಳ್ಳೆಯದೆಂದು ತೋರುತ್ತದೆ.

ಮೊದಲ ಜಾಗದಲ್ಲಿ ನನ್ನನ್ನು ಸಾಲಿನಲ್ಲಿ ಕೂರಿಸಿ, ಹೆಸರು ಬರೆದುಕೊಂಡು, ನೇರವಾಗಿ ಕುರ್ಚಿಗೆ ಕರೆದರು. ಹಿಂದೆ ಕಿವಿಗೆ ಏನಾದರೂ ಆಗಿತ್ತೇ, ಯಾವ ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಯಾರೂ ಕೇಳಲಿಲ್ಲ. ಒಪ್ಪಿಗೆಯ ಪತ್ರವನ್ನು ಕೈಗಿಟ್ಟು “ಕೊನೆಯ ಪುಟದಲ್ಲಿ ಸಹಿ” ಎಂದರು. ನಾನು ಎದ್ದು ಬಂದೆ. ಬರುವಾಗ ಬಹಳ ಮುಜುಗರವಾಗಿತ್ತು, ಏನೋ ದೊಡ್ಡ ತಪ್ಪು ಮಾಡಿದಂತೆ ಅನ್ನಿಸಿತ್ತು. ಮನೆಗೆ ಬಂದ ಮೇಲೆ ಸರಿಯಾದುದನ್ನೇ ಮಾಡಿದೆನೆಂದು ಸಮಾಧಾನವಾಯಿತು.

ಎರಡನೆಯ ಜಾಗದಲ್ಲಿ ಪ್ರಶ್ನೆಗಳಿಗೇ ಕಾಲು ಗಂಟೆ ಹಿಡಿಯಿತು. ಕಿವಿಗೆ ಶಸ್ತ್ರಚಿಕಿತ್ಸೆ ಆಗಿದೆಯೇ, ಸೋರಿದ್ದುಂಟೇ, ತಲೆಸುತ್ತು ಬರುವುದುಂಟೇ, ಕಿವಿಮೊರೆತ ಇದೆಯೇ, ಮಧುಮೇಹ ಇದೆಯೇ, ಬಾದಾಮಿ ಅಥವಾ ಕಡಲೆಕಾಯಿ ಒಗ್ಗುವುದಿಲ್ಲವೇ ಎಂದೆಲ್ಲ ಕೇಳಿದರು. ಕೊನೆಯ ಪ್ರಶ್ನೆ ಏಕೆಂದರೆ, ಗುಗ್ಗೆ ಮೆತ್ತಗಾಗಲು ಹಾಕುವ ಕೆಲವು ಎಣ್ಣೆಗಳು ಅವುಗಳಿಂದಲೇ ತಯಾರಾಗುತ್ತವಂತೆ. ಆಮೇಲೆ ಕಲಿಯುತ್ತಿದ್ದ ನರ್ಸ್ ನನ್ನ ಕಿವಿಯನ್ನು ಹಿಂದಕ್ಕೂ ಮೇಲಕ್ಕೂ ಮೆಲ್ಲಗೆ ಎಳೆದು ಒಳಗೆ ನೋಡಿ, ಕಂಡದ್ದನ್ನು ಬೋಧಕಿಗೆ ಹೇಳಿದರು. ಬೋಧಕಿ ತಾವೂ ನೋಡಿ ತಾಳೆ ಹಾಕಿದರು. ನೋವಾದರೆ, ಸಾಕೆನಿಸಿದರೆ, ಕೆಮ್ಮು ಬಂದರೆ ಎಡಗೈ ಎತ್ತಬೇಕು, ತಲೆಯನ್ನು ಮಾತ್ರ ಅಲುಗಿಸಬಾರದು ಎಂದು ಎರಡು ಸಲ ಹೇಳಿದರು.

ಆ ನರ್ಸ್ ತಮ್ಮ ಕೈಯನ್ನು ನನ್ನ ಕೆನ್ನೆಯ ಮೇಲೆ ಊರಿಕೊಂಡಿದ್ದು ನನಗೆ ಇವತ್ತಿಗೂ ನೆನಪಿದೆ. ನನ್ನ ತಲೆ ಅಕಸ್ಮಾತ್ ಅಲುಗಿದರೆ ಅವರ ಕೈಯೂ ಅದರೊಂದಿಗೇ ಅಲುಗಲಿ, ಕೊಳವೆಯ ತುದಿ ಒಳಗೆ ಚುಚ್ಚದಿರಲಿ ಎಂಬುದಕ್ಕಾಗಿ ಹಾಗೆ ಮಾಡುತ್ತಾರೆಂದು ವಿವರಿಸಿದರು. ಶಬ್ದ ವಿಚಿತ್ರವಾಗಿತ್ತು, ತೂತುಬಿದ್ದ ಸ್ಟ್ರಾನಲ್ಲಿ ಎಳನೀರಿನ ತಳ ಹೀರುವಾಗ ಬರುವ ಸದ್ದು ಕಿವಿಯೊಳಗೇ ಆದಂತೆ. ಕೊಳವೆ ಒಂದು ಕಡೆ ತಾಗಿದ ಕೂಡಲೇ ಕೆಮ್ಮು ಬಂತು. ನಾನು ಕೈ ಎತ್ತಿದೆ, ಅವರು ತಕ್ಷಣ ನಿಲ್ಲಿಸಿದರು. ಎಡಗಿವಿಯನ್ನು ಅವರೇ ಮುಗಿಸಿದರು. ಬಲಗಿವಿಯಲ್ಲಿ ಗಟ್ಟಿಯಾಗಿದ್ದ ತುಣುಕು ಅವರಿಂದ ಬರಲಿಲ್ಲ. ಮೂರನೆಯ ಪ್ರಯತ್ನದ ನಂತರ ಬೋಧಕಿ ಸಾಕೆಂದು ಹೇಳಿ, ತಾವು ಕೂತು ಸಣ್ಣ ಚಿಮಟದಿಂದ ತೆಗೆದರು. ಒಟ್ಟು ಒಂದು ಗಂಟೆಯ ಮೇಲಾಯಿತು. ಖಾಸಗಿ ಕೇಂದ್ರದಲ್ಲಾದರೆ ಅರ್ಧ ಗಂಟೆಯೊಳಗೆ ಮುಗಿಯುತ್ತಿತ್ತು. ಸಮಯವಿಲ್ಲದವರು ಹೋಗಬಾರದು ಎಂಬುದೇ ನನ್ನ ಒಂದು ಎಚ್ಚರಿಕೆ.

ಧಾರವಾಡಪೇಢೆ

ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಕಿವಿ ಮೂಗು ಗಂಟಲು ವೈದ್ಯನಾಗಿದ್ದೇನೆ. ಮಲ್ಲಿಗೆಮನೆ ಅವರಿಗೆ ಕೆಮ್ಮು ಬಂದದ್ದು ಸಹಜ. ವೇಗಸ್ ಎಂಬ ನರದ ಒಂದು ಕವಲು ಕಿವಿಯ ನಾಳಕ್ಕೂ ಬರುತ್ತದೆ. ಅದನ್ನು ಮುಟ್ಟಿದರೆ ಕೆಲವರಿಗೆ ಗಂಟಲು ಕೆರೆದಂತಾಗಿ ಕೆಮ್ಮು ಬರುತ್ತದೆ, ಅಪರೂಪಕ್ಕೆ ತಲೆ ಹಗುರಾಗಿ ಕಣ್ಣು ಕತ್ತಲಿಡುವುದೂ ಉಂಟು. ಅದಕ್ಕೇ ರೋಗಿಯನ್ನು ಒರಗಿಸಿ ಕೂರಿಸುವುದು ಅಥವಾ ಮಲಗಿಸುವುದು ಒಳ್ಳೆಯದು.

ಇಲ್ಲಿ ನಡೆದ ಚರ್ಚೆಯನ್ನು ಓದುವಾಗ ನನ್ನ ಸ್ನಾತಕೋತ್ತರ ದಿನಗಳು ನೆನಪಾದವು. ನಾವು ಕಲಿತದ್ದು ಹೊರರೋಗಿ ವಿಭಾಗದಲ್ಲಿ. ಬೆಳಿಗ್ಗೆ ಎಂಟಕ್ಕೇ ಸಾಲು ನಿಂತ ಜನ, ಕೈಯಲ್ಲಿ ಹತ್ತು ರೂಪಾಯಿಯ ಚೀಟಿ, ನಮ್ಮ ಕೈಯಲ್ಲಿ ದೊಡ್ಡ ಲೋಹದ ಸಿರಿಂಜು, ಕೆಳಗೆ ಹಿಡಿಯಲು ಕಿಡ್ನಿ ಟ್ರೇ. ನೀರು ದೇಹದ ಬಿಸಿಯಷ್ಟೇ, ಅಂದರೆ ಸುಮಾರು 37 ಡಿಗ್ರಿ ಇರಬೇಕೆಂದು ಪಾಠದಲ್ಲಿ ಓದಿದ್ದೆವು. ಹೆಚ್ಚು ಕಡಿಮೆಯಾದರೆ ಒಳಗಿವಿಯ ದ್ರವದಲ್ಲಿ ಚಲನೆ ಹುಟ್ಟಿ ರೋಗಿಗೆ ಕೋಣೆಯೇ ತಿರುಗಿದಂತಾಗುತ್ತದೆ. ಆದರೆ ನಲವತ್ತನೆಯ ರೋಗಿಯ ಹೊತ್ತಿಗೆ ಪಾತ್ರೆಯ ನೀರು ಆರಿರುತ್ತಿತ್ತು. ತಲೆ ಹಿಡಿದುಕೊಂಡು ಕೂತ ಅಜ್ಜಿಯೊಬ್ಬರ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ನಾನು ಕಲಿಯುವವನು ಎಂದು ಅವರಿಗೆ ಹೇಳಿರಲಿಲ್ಲ. ಕಲಿಯುವವರು ಮಾಡಬಹುದೇ ಎಂದು ಯಾರೂ ಅವರನ್ನು ಕೇಳಿರಲಿಲ್ಲ. ಚೀಟಿ ಮಾಡಿಸಿಕೊಂಡು ಬಂದದ್ದನ್ನೇ ಒಪ್ಪಿಗೆಯೆಂದು ನಾವು ಭಾವಿಸಿದ್ದೆವು. ಬಡವರ ಕಿವಿಗಳ ಮೇಲೆ ಕಲಿತ ವಿದ್ಯೆಯಿದು. ಆ ಋಣ ನನ್ನ ಮೇಲಿದೆ.

ಆದ್ದರಿಂದ ಸಮುದಾಯ ಭವನದ ಗೋಡೆಯ ಮೇಲೆ “ಸ್ವಯಂಸೇವಕರು ಬೇಕಾಗಿದ್ದಾರೆ” ಎಂದು ಬರೆದಿರುವುದನ್ನು ನಾನು ಸಣ್ಣ ಸಂಗತಿಯೆಂದು ತಿಳಿಯುವುದಿಲ್ಲ. ಕಲಿಯುವವರು ಮಾಡುತ್ತಾರೆಂದು ಮೊದಲೇ ಹೇಳಿ, ಬೇಡವೆನ್ನುವ ಅವಕಾಶ ಕೊಟ್ಟು ಕರೆಯುವುದು ರೋಗಿಯನ್ನು ಗೌರವಿಸುವ ಕ್ರಮ. ಬ್ರಿಟನ್ನಿನ ಸುಪ್ರೀಂ ಕೋರ್ಟು 2015ರ ಮಾಂಟ್ಗೊಮೆರಿ ತೀರ್ಪಿನಲ್ಲಿ, ಯಾವ ಅಪಾಯವನ್ನು ಹೇಳಬೇಕೆಂಬುದನ್ನು ವೈದ್ಯರ ರೂಢಿಯಿಂದ ಅಳೆಯದೆ, ಆ ರೋಗಿಯ ಸ್ಥಾನದಲ್ಲಿರುವವರಿಗೆ ಯಾವುದು ಮುಖ್ಯವೆನಿಸುತ್ತದೆ ಎಂಬುದರಿಂದ ಅಳೆಯಬೇಕೆಂದು ಹೇಳಿತು. ನಮ್ಮ ಸುಪ್ರೀಂ ಕೋರ್ಟೂ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಒಂದು ಚಿಕಿತ್ಸೆಗೆ ಪಡೆದ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲವೆಂದು ಸ್ಪಷ್ಟಪಡಿಸಿದೆ. ಗುಗ್ಗೆ ತೆಗೆಯುವಂತಹ ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಸಣ್ಣ ಕೆಲಸದಲ್ಲಿಯೇ ಕೇಳುವ ಅಭ್ಯಾಸವಾಗದಿದ್ದರೆ ದೊಡ್ಡದರಲ್ಲಿ ಅದು ತಾನಾಗಿ ಬರುವುದಿಲ್ಲ ಎಂಬುದು ನನ್ನ ಅನುಭವ.

ಕೈಯಿಂದ ಒತ್ತುವ ಆ ಸಿರಿಂಜನ್ನು ಬಳಸಬಾರದೆಂದು ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಇಂಗ್ಲೆಂಡಿನ ನೈಸ್ ಸಂಸ್ಥೆಯು ವಯಸ್ಕರ ಶ್ರವಣದೋಷದ ಕುರಿತು 2018ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಹೇಳಿದೆ. ಒತ್ತಡ ಹಿಡಿತದಲ್ಲಿರುವ ವಿದ್ಯುತ್ ಯಂತ್ರದಿಂದ ನೀರು ಹಾಯಿಸುವುದು, ಮೈಕ್ರೊಸಕ್ಷನ್, ಇಲ್ಲವೇ ಉಪಕರಣದಿಂದ ತೆಗೆಯುವುದು ಅಲ್ಲಿ ಸೂಚಿಸಿರುವ ದಾರಿಗಳು.

ಈಗ ನಿಮ್ಮ ತಂದೆಯವರ ವಿಷಯಕ್ಕೆ ಬರುತ್ತೇನೆ. ಬಾಲ್ಯದಲ್ಲಿ ಸೋರಿದ ಕಿವಿಯ ತಮಟೆಯಲ್ಲಿ ಹಳೆಯ ತೂತು ಉಳಿದಿರಬಹುದು, ಅಥವಾ ಮುಚ್ಚಿಕೊಂಡ ಜಾಗ ಬಹಳ ತೆಳುವಾಗಿರಬಹುದು. ಗುಗ್ಗೆ ಎದುರಿಗಿರುವಾಗ ಅದು ಯಾರಿಗೂ ಕಾಣುವುದಿಲ್ಲ. ಅಂತಹ ಕಿವಿಗೆ ನೀರು ಹಾಯಿಸಲೇಬಾರದು. ಹೀರಿ ತೆಗೆಯಬಹುದು, ಆದರೆ ತೂತು ಕಂಡ ಕೂಡಲೇ ಏನು ಮಾಡಬೇಕೆಂದು ಬಲ್ಲವರೇ ಅದನ್ನು ಮಾಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಸಣ್ಣ ಗೀರಿನಿಂದಲೂ ರಕ್ತ ನಿಲ್ಲಲು ತಡವಾಗುತ್ತದೆ. ಹಾಗೆಂದು ಮಾತ್ರೆಯನ್ನು ಎರಡು ದಿನ ಬಿಟ್ಟು ಹೋದರಾಯಿತು ಎಂಬ ಯೋಚನೆ ಖಂಡಿತ ಬೇಡ. ಸ್ಟೆಂಟ್ ಹಾಕಿಸಿಕೊಂಡವರು ಹೃದಯ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ಅವರಿಗೆ ಮಧುಮೇಹವಿದ್ದರೆ ಅದನ್ನೂ ಚಿಕಿತ್ಸೆ ಮಾಡುವವರಿಗೆ ಹೇಳಿ. ವಯಸ್ಸಾದ ಮಧುಮೇಹಿಗಳಲ್ಲಿ ನಾಳದ ಸಣ್ಣ ಗಾಯವೂ ಎಲುಬಿಗೆ ಹರಡುವ ತೀವ್ರ ಸೋಂಕಾಗಿ ಬೆಳೆಯಬಹುದು.

ಇನ್ನೊಂದು ಮಾತು. ತಮಟೆಯ ಸ್ಥಿತಿ ತಿಳಿಯುವ ತನಕ ಅವರ ಎಡಗಿವಿಗೆ ಆಲಿವ್ ಎಣ್ಣೆಯನ್ನೂ ಹಾಕಬೇಡಿ, ಊರಿನಲ್ಲಿ ಹಾಕುವಂತೆ ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನಂತೂ ಹಾಕಲೇಬೇಡಿ.

ಹೇಮಾವತಿತೀರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಡಾಕ್ಟರೇ, ನೀವು ಕೊನೆಯಲ್ಲಿ ಬರೆದದ್ದನ್ನು ಓದಿ ಎದೆ ಧಸಕ್ಕೆಂದಿತು. ನಾಳೆ ಬೆಳಿಗ್ಗೆ ತಂದೆಯವರ ಎರಡೂ ಕಿವಿಗೆ ಎಣ್ಣೆ ಹಾಕಬೇಕೆಂದು ಬಾಟಲಿ ತಂದಿಟ್ಟಿದ್ದೆ. ಅವರಿಗೆ ಮಧುಮೇಹವಿಲ್ಲ.

ನನಗೆ ಇನ್ನೆರಡು ಸಂದೇಹಗಳಿವೆ. ನನ್ನ ಕಿವಿಗೆ ಎಣ್ಣೆಯನ್ನು ಹೇಗೆ, ಎಷ್ಟು ದಿನ ಹಾಕಬೇಕು? ಹಾಗೂ ನಡುವೆ ಬೇಡವೆನಿಸಿದರೆ ಎದ್ದುಬರಬಹುದೇ? ಕಲಿಯುವವರ ಅಭ್ಯಾಸಕ್ಕೆ ನನ್ನಿಂದ ತೊಂದರೆಯಾದೀತೆಂಬ ಅಳುಕಿದೆ.

ಶ್ರವಣಸೇವೆ

ಎಣ್ಣೆಯ ವಿಷಯ: ತಮಟೆಯಲ್ಲಿ ತೂತಿಲ್ಲವೆಂದು ಗೊತ್ತಿರುವವರು, ಔಷಧಿ ಅಂಗಡಿಯಲ್ಲಿ ಸಿಗುವ ಆಲಿವ್ ಎಣ್ಣೆಯನ್ನು ಎರಡು ಮೂರು ಹನಿಯಂತೆ ದಿನಕ್ಕೆ ಮೂರು ನಾಲ್ಕು ಬಾರಿ, ಮೂರರಿಂದ ಐದು ದಿನ ಹಾಕಬಹುದು. ಕಟ್ಟಿದ ಕಿವಿ ಮೇಲಕ್ಕೆ ಬರುವಂತೆ ಮಗ್ಗುಲಾಗಿ ಐದು ಹತ್ತು ನಿಮಿಷ ಮಲಗಿರಿ. ಎಣ್ಣೆ ಹಾಕಿದ ಮೊದಲೆರಡು ದಿನ ಗುಗ್ಗೆ ಉಬ್ಬಿ ಕಿವಿ ಇನ್ನೂ ಹೆಚ್ಚು ಕಟ್ಟಿಕೊಂಡಂತೆ ಅನ್ನಿಸಬಹುದು, ಗಾಬರಿ ಬೇಡ. ನೋವು ಅಥವಾ ಸೋರಿಕೆ ಕಂಡರೆ ಮಾತ್ರ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಐದು ದಿನದಲ್ಲಿ ಗುಗ್ಗೆ ತಾನಾಗಿಯೇ ಹೊರಬಂದರೆ ತರಬೇತಿಗೆ ಹೋಗುವ ಅಗತ್ಯವೇ ಇರುವುದಿಲ್ಲ. ಹಾಗಾದರೆ ಅವರಿಗೆ ಮುಂಚಿತವಾಗಿ ತಿಳಿಸಿ, ಬೇರೊಬ್ಬರನ್ನು ಕರೆಯುತ್ತಾರೆ. ಉದ್ದನೆಯ ಮೇಣದ ಬತ್ತಿಯನ್ನು ಕಿವಿಗಿಟ್ಟು ಹಚ್ಚುವ ಪದ್ಧತಿಯೊಂದು ಇಲ್ಲಿ ಚಾಲ್ತಿಯಲ್ಲಿದೆ. ಅದರಿಂದ ಗುಗ್ಗೆ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ, ಸುಟ್ಟ ಗಾಯಗಳಾದದ್ದುಂಟು.

ಎದ್ದುಬರುವ ವಿಷಯ: ಯಾವ ಹಂತದಲ್ಲಾದರೂ, ಕಾರಣ ಹೇಳದೆಯೂ ಬರಬಹುದು. ಕಲಿಯುವವರ ಬಗ್ಗೆ ನಿಮಗಿರುವ ಕಾಳಜಿ ಅರ್ಥವಾಗುತ್ತದೆ. ಆದರೆ ನೋವನ್ನು ಹಲ್ಲು ಕಚ್ಚಿ ಸಹಿಸಿಕೊಂಡು ಕೂರುವ ಸ್ವಯಂಸೇವಕರಿಂದ ಅವರಿಗೆ ಉಪಕಾರವಾಗುವುದಿಲ್ಲ, ಅಪಕಾರವೇ ಆಗುತ್ತದೆ. ತಮ್ಮ ಕೈ ಹಗುರವಾಗಿದೆಯೆಂದು ತಪ್ಪು ತಿಳಿದು ಅವರು ಮುಂದಿನ ರೋಗಿಯ ಬಳಿಗೆ ಹೋಗುತ್ತಾರೆ. ನಮ್ಮ ಜನ, ವಿಶೇಷವಾಗಿ ಹಿರಿಯರು, ಬಿಳಿ ಕೋಟು ಕಂಡೊಡನೆ “ಪರವಾಗಿಲ್ಲ, ಪರವಾಗಿಲ್ಲ” ಎನ್ನುವುದನ್ನು ನಾನು ಎರಡೂ ದೇಶಗಳಲ್ಲಿ ನೋಡಿದ್ದೇನೆ. ದಯವಿಟ್ಟು ಅಲ್ಲಿ ಆ ಮಾತನ್ನು ಆಡಬೇಡಿ. ಎಲ್ಲಿ ನೋಯಿತು, ಯಾವಾಗ ನೋಯಿತು ಎಂದು ಬಿಡಿಸಿ ಹೇಳಿ.

ಹೇಮಾವತಿತೀರ

ಹೋಗಿ ಬಂದ ಮೇಲೆ ಬರೆಯುತ್ತೇನೆಂದುಕೊಂಡಿದ್ದೆ. ಮೂರು ವಾರ ತಡವಾಯಿತು, ಕ್ಷಮಿಸಿ.

ಫೋನ್ ಮಾಡಿದಾಗ ಸಂಯೋಜಕಿಯವರು ಮೊದಲು ನನ್ನ ವಿವರಗಳನ್ನೂ ಆಮೇಲೆ ತಂದೆಯವರ ವಿವರಗಳನ್ನೂ ಕೇಳಿದರು. ಸ್ಟೆಂಟ್ ಎಂಬ ಮಾತು ಮುಗಿಯುವ ಮೊದಲೇ, ಅವರನ್ನು ಸ್ವಯಂಸೇವಕರಾಗಿ ತೆಗೆದುಕೊಳ್ಳಲಾಗದು ಎಂದು ವಿನಯದಿಂದ ಹೇಳಿದರು. ಶ್ರವಣಸೇವೆ ಅವರು ಬರೆದದ್ದು ನೆನಪಾಗಿ, ಅಲ್ಲಿಗೆ ಹೋಗಬಹುದು ಎಂಬ ಭರವಸೆ ನನಗೆ ಆಗಲೇ ಬಂತು. ಪರದೆಯ ಪ್ರಶ್ನೆಯನ್ನೂ ಕೇಳಿದೆ. ಕಲಿಯುವವರು ಲೂಪ್ ಬಳಸುತ್ತಾರೆಂದೂ, ಆದರೆ ಚಿಕಿತ್ಸೆಗೆ ಮುನ್ನ, ನಡುವೆ ಮತ್ತು ಕೊನೆಯಲ್ಲಿ ಬೋಧಕರು ಕ್ಯಾಮೆರಾದಿಂದ ನೋಡುತ್ತಾರೆಂದೂ ಉತ್ತರಿಸಿದರು. ಒಬ್ಬ ಬೋಧಕರಿಗೆ ಎರಡು ಕುರ್ಚಿಗಳಿದ್ದವು.

ನನ್ನ ಬಲಗಿವಿಯ ಗುಗ್ಗೆ ಎಣ್ಣೆಗೆ ಮೆತ್ತಗಾಗಿದ್ದುದರಿಂದ ಬಹುಪಾಲು ಒಂದೇ ಉಂಡೆಯಾಗಿ ಬಂತು. ಬಂದ ಕ್ಷಣದಲ್ಲಿ ಕೋಣೆಯ ಗಡಿಯಾರದ ಟಿಕ್ ಟಿಕ್ ಕೇಳಿಸಿತು, ಅಲ್ಲಿ ಗಡಿಯಾರವಿದೆಯೆಂಬುದೇ ಅದುವರೆಗೆ ನನಗೆ ತಿಳಿದಿರಲಿಲ್ಲ. ಒಂದು ಸಲ ಗೋಡೆಗೆ ತಾಗಿ ಚುರುಕ್ಕೆಂದಿತು, ಕೈ ಎತ್ತಿದೆ. ನನ್ನ ಚಿಕಿತ್ಸೆ ಮಾಡುತ್ತಿದ್ದ ಫಾರ್ಮಸಿಸ್ಟ್ ನಿಲ್ಲಿಸಿ, ಯಾವ ಕಡೆ ನೋಯಿತೆಂದು ಕೇಳಿ, ಬೋಧಕರೊಂದಿಗೆ ಮಾತಾಡಿ, ಕೊಳವೆ ಹಿಡಿದ ಕೋನವನ್ನು ಬದಲಿಸಿಕೊಂಡು ಮುಂದುವರಿಸಿದರು. ಎಡಗಿವಿಯಲ್ಲಿ ತೆಗೆಯುವಷ್ಟು ಗುಗ್ಗೆ ಇರಲಿಲ್ಲ. ಆದರೂ ಆರೋಗ್ಯವಾಗಿರುವ ತಮಟೆ ಹೇಗೆ ಕಾಣುತ್ತದೆಂದು ನಾಲ್ವರು ಒಬ್ಬರ ನಂತರ ಒಬ್ಬರಂತೆ ನೋಡಲು ನನ್ನ ಅನುಮತಿ ಕೇಳಿದರು, ಕೊಟ್ಟೆ. ಅಂದು ಸಂಜೆಯವರೆಗೆ ಕಿವಿ ಸ್ವಲ್ಪ ಗುಂಯ್‌ಗುಟ್ಟಿತು, ಬೆಳಿಗ್ಗೆಯ ಹೊತ್ತಿಗೆ ಹೋಗಿತ್ತು.

ತಂದೆಯವರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಡಾಕ್ಟರು ಬರೆದ ಹೊರರೋಗಿ ವಿಭಾಗದ ಪ್ಯಾರಾವನ್ನೇ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಸರಿ, ಗೊತ್ತಿರುವವರ ಹತ್ತಿರವೇ ಹೋಗೋಣ” ಎಂದರು. ಮುಂದಿನ ಗುರುವಾರ ಸಂಜೆ ನಾಲ್ಕಕ್ಕೆ, ತೂತುಬಿದ್ದ ತಮಟೆಯ ಕಿವಿಗಳಿಗೂ ಚಿಕಿತ್ಸೆ ಮಾಡಿ ಅನುಭವವಿರುವ ಶ್ರವಣತಜ್ಞರ ಬಳಿ ಸಮಯ ಸಿಕ್ಕಿದೆ. ಮಾತ್ರೆಗಳ ಪಟ್ಟಿ ತರಲು ಹೇಳಿದ್ದಾರೆ, ಎಣ್ಣೆ ಹಾಕಬಾರದೆಂದೂ ಹೇಳಿದ್ದಾರೆ. ಅವರ ಬಳಿ ವಿದ್ಯಾರ್ಥಿಯೊಬ್ಬರು ಇರುತ್ತಾರಂತೆ. ಪರದೆಯಲ್ಲಿ ನೋಡಲು ಅವರಿಗೆ ಅವಕಾಶ ಕೊಡುತ್ತೀರಾ ಎಂದು ಕೇಳಿದ್ದಾರೆ. ತಂದೆಯವರು ನೋಡಲಿ ಎಂದಿದ್ದಾರೆ, ನೋಡಿದ್ದನ್ನು ತಮಗೂ ತೋರಿಸಬೇಕೆಂಬ ಷರತ್ತಿನೊಂದಿಗೆ.